ಬೀಜದ ಚೀಲದ ಚೀಟಿ: ಕಂಪನಿಯ ಹೊಣೆ, ರೈತನ ಹಕ್ಕು

ಸಾರವಾಡದ ಸುತ್ತಲಿನ ಡೋಣಿ ದಂಡೆಯ ಎರೆ ಭೂಮಿಯಲ್ಲಿ ಹಿಂಗಾರಿ ಬಿತ್ತನೆಗೆ ಸಿಗುವ ಹದ ಕೆಲವೇ ದಿನಗಳದು. ಆ ಹದದಲ್ಲಿ ಬಿತ್ತಿದ ಜೋಳ ಅಥವಾ ಕಡಲೆ ಮೊಳೆಯದೆ ಹೋದರೆ ಮತ್ತೆ ಬಿತ್ತಲು ಭೂಮಿಯಲ್ಲಿ ತೇವ ಉಳಿದಿರುವುದಿಲ್ಲ. ಆಗ ಬೀಜಕ್ಕೆ ಕೊಟ್ಟ ಹಣ ಹೋಗುವುದಷ್ಟೇ ಅಲ್ಲ, ವರ್ಷದ ಕಾಳು ಮತ್ತು ಕಣಿಕೆ ಎರಡೂ ಕೈತಪ್ಪುತ್ತವೆ.

ಎತ್ತನ್ನು ಹಲ್ಲು ನೋಡಿ ಕೊಳ್ಳಬಹುದು. ಬೀಜದ ಒಳಗುಣವನ್ನು ಮಾತ್ರ ಕಣ್ಣಿನಿಂದ ಅಳೆಯಲು ಬಾರದು. ಆದುದರಿಂದಲೇ ಸರಕಾರವು ರೈತರಿಗೆ ಸಾಮಗ್ರಿ ಒದಗಿಸುವ ಒಂದೊಂದು ಉದ್ದಿಮೆಗೂ ಬೇರೆ ಬೇರೆ ಕಟ್ಟುಪಾಡು ವಿಧಿಸಿದೆ. ಬೀಜಕ್ಕೆ 1966ರ ಕಾಯಿದೆ, ಕೀಟನಾಶಕಕ್ಕೆ 1968ರ ಕಾಯಿದೆ, ರಸಗೊಬ್ಬರಕ್ಕೆ 1985ರ ನಿಯಂತ್ರಣ ಆಜ್ಞೆ ಇವೆ. ಇವುಗಳಲ್ಲಿ ಬೀಜದ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಕಂಪನಿಯ ಮೇಲಿನ ಹೊಣೆ

ಸರಕಾರ ಅಧಿಸೂಚಿಸಿದ ತಳಿಯ ಬೀಜವನ್ನು ಮಾರುವವರು ಕನಿಷ್ಠ ಮೊಳಕೆ ಮತ್ತು ಶುದ್ಧತೆಯನ್ನು ಕಾಯ್ದುಕೊಳ್ಳಲೇಬೇಕು. ಅದನ್ನು ಚೀಲದ ಮೇಲಿನ ಚೀಟಿಯಲ್ಲಿ ನಮೂದಿಸಲೇಬೇಕು. ಜೋಳ ಮತ್ತು ತೊಗರಿಗೆ ಕನಿಷ್ಠ ಮೊಳಕೆ ಪ್ರಮಾಣ ಶೇ. 75; ಕಡಲೆಗೆ ಶೇ. 85. ಅಂದರೆ ನೂರು ಜೋಳದ ಕಾಳಿನಲ್ಲಿ ಎಪ್ಪತ್ತೈದಾದರೂ ಆರೋಗ್ಯಕರ ಸಸಿ ಕೊಡಬೇಕು. 1983ರ ಬೀಜ ನಿಯಂತ್ರಣ ಆಜ್ಞೆಯ ಪ್ರಕಾರ ಅಂಗಡಿಯವನು ಪರವಾನಗಿ ಪಡೆದಿರಬೇಕು, ದಾಸ್ತಾನು ಮತ್ತು ದರವನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು, ನಗದಾಗಲಿ ಉದ್ರಿಯಾಗಲಿ ರಸೀದಿ ಕೊಡಬೇಕು.

ಚೀಟಿಯ ಬಣ್ಣ ಏನು ಹೇಳುತ್ತದೆ?

ನೀಲಿ ಚೀಟಿ ಪ್ರಮಾಣಿತ ಬೀಜದ್ದು. ಬಿಳಿ ಚೀಟಿ ಮೂಲ ಬೀಜದ್ದು. ಇವೆರಡನ್ನೂ ಪ್ರಮಾಣನ ಸಂಸ್ಥೆ ಹೊಲದಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಪರೀಕ್ಷಿಸಿರುತ್ತದೆ. ಹಸಿರು ಚೀಟಿ ಇದ್ದರೆ ಗುಣಮಟ್ಟದ ಭರವಸೆ ಕೊಟ್ಟವನು ಉತ್ಪಾದಕನೇ ಎಂದು ತಿಳಿಯಬೇಕು. ಅದು ಕಡಿಮೆ ಬೀಜವೆಂದಲ್ಲ. ಅದಕ್ಕೆ ಬೇರೆ ಸಾಕ್ಷಿ ಇಲ್ಲವೆಂದು ಅರ್ಥ. ಪ್ರಮಾಣಿತ ಬೀಜದ ಅವಧಿ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು. ಮರುಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಅದು ಮುಂದುವರಿಯುತ್ತದೆ. ಆದುದರಿಂದ ತಳಿಯ ಹೆಸರಿನ ಜೊತೆಗೆ ತಾರೀಖನ್ನೂ ಓದಿರಿ.

ಬಿತ್ತುವ ಮೊದಲು

1. ರಸೀದಿಯಲ್ಲಿ ತಳಿ, ಲಾಟ್ ನಂಬರು, ತೂಕ, ದರ ಬರೆಸಿಕೊಳ್ಳಿರಿ. ಲಾಟ್ ನಂಬರು ಚೀಟಿಯಲ್ಲಿ ಇರುವಂತೆಯೇ ಇರಬೇಕು.

2. ಚೀಲವನ್ನು ಬುಡದ ಕಡೆಯಿಂದ ಬಿಚ್ಚಿರಿ. ಚೀಟಿ, ಮೊಹರು ಇರುವ ಹೊಲಿಗೆ ಹಾಗೆಯೇ ಉಳಿಯಲಿ.

3. ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು, ಸುತ್ತಿ, ನೆರಳಿನಲ್ಲಿಡಿರಿ. ತಟ್ಟು ಆರದಂತೆ ನೀರು ಚಿಮುಕಿಸಿರಿ. ಜೋಳದ ಮೊಳಕೆಯನ್ನು ಹತ್ತು ದಿನಗಳೊಳಗೆ ಎಣಿಸಬಹುದು. ಹದ ಬರುವ ಮೊದಲೇ ಈ ಕೆಲಸ ಮುಗಿದಿರಲಿ.

4. ಎರಡು ಹಿಡಿ ಬೀಜವನ್ನು ಅದೇ ಚೀಲದಲ್ಲಿ ಉಳಿಸಿ, ಚೀಟಿಯೊಡನೆ ಒಣ ಜಾಗದಲ್ಲಿ ಕಟ್ಟಿಡಿರಿ. ಔಷಧ ಸವರಿದ ಬೀಜ ಮಕ್ಕಳ ಮತ್ತು ದನಗಳ ಕೈಬಾಯಿಗೆ ಸಿಗಬಾರದು.

ಮೊಳಕೆ ಬಾರದಿದ್ದರೆ

ಮೊದಲು ಸಾಲನ್ನು ಅಗೆದು ನೋಡಿರಿ. ಕಾಳು ಒಣಗಿದಂತೆಯೇ ಇದ್ದರೆ ತೇವ ಸಾಲಲಿಲ್ಲ. ಮೊಳಕೆ ಒಡೆದು ಮೇಲೆ ಬರಲಾರದೆ ಬಾಗಿದ್ದರೆ ಕೂರಿಗೆ ಆಳವಾಗಿ ಇಳಿದಿರಬಹುದು. ಕಾಳೇ ಇಲ್ಲದಿದ್ದರೆ ಇರುವೆ, ಹಕ್ಕಿಗಳನ್ನು ನೆನೆಯಬೇಕು. ಇವು ಯಾವುವೂ ಕಂಪನಿಯ ತಪ್ಪಲ್ಲ. ಒಳ್ಳೆಯ ತೇವವಿದ್ದೂ ಕಾಳು ಉಬ್ಬಿ ಕೊಳೆತಿದ್ದರೆ ಮತ್ತು ತಟ್ಟಿನ ಪರೀಕ್ಷೆಯಲ್ಲಿಯೂ ಮೊಳಕೆ ಕಡಿಮೆ ಬಂದಿದ್ದರೆ ಬೀಜದ ಮೇಲೆ ಸಂಶಯ ಪಡಲು ಕಾರಣವಿದೆ.

ಅಂಥ ಸಂದರ್ಭದಲ್ಲಿ ತಡಮಾಡದೆ, ಹೊಲವನ್ನು ಹರಗುವ ಮೊದಲು, ರೈತ ಸಂಪರ್ಕ ಕೇಂದ್ರದ ಮೂಲಕ ಬೀಜ ಪರಿವೀಕ್ಷಕರಿಗೆ ಲಿಖಿತ ದೂರು ಕೊಡಿರಿ. ಬೀಜ ನಿಯಮಗಳ 23ಎ ನಿಯಮದಂತೆ ಅವರು ಚೀಟಿ, ಚೀಲ ಮತ್ತು ಉಳಿದ ಬೀಜದ ಮಾದರಿಯನ್ನು ವಶಕ್ಕೆ ತೆಗೆದುಕೊಂಡು, ಪರೀಕ್ಷೆಗೆ ಕಳುಹಿಸಿ, ಕಾರಣ ತನಿಖೆ ಮಾಡಬೇಕು. ಮೇಲೆ ಹೇಳಿದ ಮೂರನ್ನೂ ಕಾಯ್ದಿಡಲು ಹೇಳಿದ್ದು ಇದಕ್ಕಾಗಿಯೇ.

ನಷ್ಟ ತುಂಬಿಕೊಡುವವರು ಯಾರು?

1966ರ ಕಾಯಿದೆ ಮೊದಲ ತಪ್ಪಿಗೆ ಗೊತ್ತುಪಡಿಸಿದ ದಂಡ ಗರಿಷ್ಠ 500 ರೂಪಾಯಿ. ಆ ದಂಡ ಸರಕಾರಕ್ಕೆ ಸೇರುತ್ತದೆ, ರೈತನ ಕಣಕ್ಕೆ ಅದರಿಂದ ಒಂದು ಸೇರು ಕಾಳೂ ಬರುವುದಿಲ್ಲ. ಪರಿಹಾರಕ್ಕೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಸರಕಾರದ ಒಡೆತನದ ನಿಗಮಕ್ಕೂ ಇದರಿಂದ ವಿನಾಯಿತಿ ದೊರೆಯಲಿಲ್ಲ. ಎಲ್ಲ ಬೀಜವನ್ನೂ ಬಿತ್ತಿಬಿಟ್ಟ ರೈತನಲ್ಲಿ ಮಾದರಿ ಇಲ್ಲವೆಂಬ ಒಂದೇ ಕಾರಣಕ್ಕೆ ದೂರು ಬಿದ್ದುಹೋಗದೆಂದೂ ಆ ತೀರ್ಪಿನಿಂದ ತಿಳಿಯುತ್ತದೆ. ಆದರೂ ಮಾದರಿ ಇದ್ದವನ ಕೆಲಸ ಹಗುರ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ ದೂರು ಕೊಡಲು ಎರಡು ವರ್ಷಗಳ ಅವಕಾಶವಿದೆ. ಕೊಂಡ ಸಾಮಾನಿನ ಬೆಲೆ ಐದು ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ.

ಸರಕಾರ ಕಂಪನಿಯಿಂದ ಚೀಟಿಯ ಮೇಲೆ ಮಾತು ಬರೆಸಿದೆ. ಆ ಚೀಟಿಯನ್ನು ಬಿತ್ತನೆಯ ದಿನವೇ ಬದುವಿನ ಮೇಲೆ ಎಸೆದು ಬಂದರೆ ಕಂಪನಿಯ ಹೊಣೆಯನ್ನೂ ಅಲ್ಲಿಯೇ ಎಸೆದು ಬಂದಂತೆ. ರಸೀದಿ, ಚೀಟಿ, ಚೀಲ, ಎರಡು ಹಿಡಿ ಬೀಜ ಇವನ್ನು ರಾಶಿ ಮುಗಿಯುವವರೆಗೆ ಜೋಪಾನ ಮಾಡಿರಿ.