ಡ್ರೋಗ್ಬಾ ಅವರ ಗುಡ್‌ವಿಲ್

ಲೆಕ್ಕಶಾಸ್ತ್ರದಲ್ಲಿ ಗುಡ್‌ವಿಲ್ ಪಾಠ ಬಂದಾಗ ನಮ್ಮ ತರಗತಿಯಲ್ಲಿ ಎಲ್ಲರಿಗೂ ಗೊಂದಲ. ಕಣ್ಣಿಗೆ ಕಾಣದ ಹೆಸರಿಗೆ ಬೆಲೆ ಕಟ್ಟುವುದು ಹೇಗೆ? ಚಾಮರಾಜಪೇಟೆಯ ಒಂದೇ ಬೀದಿಯಲ್ಲಿ ಎರಡು ಬಿರಿಯಾನಿ ಹೋಟೆಲ್ ಇದ್ದು, ಒಂದರ ಮುಂದೆ ಮಾತ್ರ ಕ್ಯೂ ನಿಂತಿದ್ದರೆ ಆ ಕ್ಯೂಗೆ ಕಾರಣವಾದ ಹೆಸರೇ ಗುಡ್‌ವಿಲ್. ನನಗೆ ಮಾತ್ರ ಇದು ಅರ್ಥವಾದದ್ದು ಫುಟ್‌ಬಾಲ್ ಆಟಗಾರ ಡಿಡಿಯರ್ ಡ್ರೋಗ್ಬಾ ಅವರಿಂದ. ಪರೀಕ್ಷೆಯಲ್ಲಿ ಈ ಉದಾಹರಣೆ ಬರೆದರೆ ಅಂಕ ಸಿಗುತ್ತದೋ ಇಲ್ಲವೋ!

ಐವರಿ ಕೋಸ್ಟ್ ದೇಶದ ಡ್ರೋಗ್ಬಾ ತಮ್ಮ ರಾಷ್ಟ್ರೀಯ ತಂಡಕ್ಕೆ 65 ಗೋಲು ಹೊಡೆದವರು. 2012ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಚೆಲ್ಸಿ ಸೋಲುವ ಹಂತದಲ್ಲಿದ್ದಾಗ 88ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದರು, ಕೊನೆಗೆ ಗೆಲುವಿನ ಪೆನಾಲ್ಟಿಯೂ ಅವರದೇ. 2018ರಲ್ಲಿ ನಿವೃತ್ತರಾದರು, ಆದರೆ ಮೊಬೈಲ್‌ನಲ್ಲಿ ನಿವೃತ್ತರಾಗಿಲ್ಲ. ಅವರ ಆಟವನ್ನು ನೇರವಾಗಿ ನೋಡಿರದ ನನ್ನ ತಮ್ಮಂದಿರೂ ಅವರ ರೀಲ್ಸ್ ಕಳಿಸುತ್ತಾರೆ. ಮೊದಲು ಹೀಗಿರಲಿಲ್ಲ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ನಮ್ಮ ಊರಿನ ಬೆಂಗಳೂರು ಮುಸ್ಲಿಮ್ಸ್ ತಂಡದ ಕಥೆಯನ್ನು ದಾದಾ ತಮ್ಮ ಅಬ್ಬಾ ಬಾಯಿಂದ ಕೇಳಿದ್ದರಂತೆ. ನಮಗೆ ನೋಡಲು ವಿಡಿಯೊ ಎಲ್ಲಿದೆ?

ಈಗ ಪಾಠಕ್ಕೆ ಬರೋಣ. ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಲೆಕ್ಕದ ಪುಸ್ತಕದಲ್ಲಿ ಆಸ್ತಿಯಾಗಿ ತೋರಿಸುವಂತಿಲ್ಲ, ಯಾರಾದರೂ ಅದಕ್ಕೆ ಬೆಲೆ ಕೊಟ್ಟಾಗ ಮಾತ್ರ ತೋರಿಸಬಹುದು. 2009ರಲ್ಲಿ ಪೆಪ್ಸಿ ಜಾಹೀರಾತಿಗೆ ಸಹಿ ಹಾಕಿದಾಗ ಬಂದ 30 ಲಕ್ಷ ಪೌಂಡ್ ಹಣವನ್ನು ಡ್ರೋಗ್ಬಾ ಅಬಿಜಾನ್ ನಗರದಲ್ಲಿ ಆಸ್ಪತ್ರೆ ಕಟ್ಟಲು ಕೊಟ್ಟರು. ಅಂದರೆ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಸಿಕ್ಕಿತು.

ಆದರೆ ಎಲ್ಲ ಕಡೆ ಸಿಗುವುದಿಲ್ಲ. ಏಪ್ರಿಲ್ 2022ರಲ್ಲಿ ಅವರು ತಮ್ಮ ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದರು. ಅಲ್ಲಿ ಮತ ಹಾಕುವವರು ಅಭಿಮಾನಿಗಳಲ್ಲ, ಕ್ಲಬ್ಬುಗಳು ಮತ್ತು ತರಬೇತುದಾರರು, ರೆಫರಿಗಳಂಥವರ ಸಂಘಗಳು. ಡ್ರೋಗ್ಬಾಗೆ ಬಿದ್ದದ್ದು 21 ಮತ. ಮೊದಲ ಸುತ್ತಿನಲ್ಲೇ ಹೊರಬಿದ್ದರು. ಲಕ್ಷಗಟ್ಟಲೆ ಲೈಕ್‌ಗಳಲ್ಲಿ ಒಂದೂ ಆ ಪೆಟ್ಟಿಗೆಯೊಳಗೆ ಹೋಗಲಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಅವರು ಕೈ ಎತ್ತಿ ದುವಾ ಮಾಡುತ್ತಿರುವಂಥ ಫೋಟೊ ಎಲ್ಲೆಡೆ ಹರಡಿತು. ‘ಡ್ರೋಗ್ಬಾ ಇಸ್ಲಾಂ ಸ್ವೀಕರಿಸಿದರು’ ಎಂದು ಅದರ ಜೊತೆ ಬರೆದಿತ್ತು. ನಮ್ಮ ಖಾಂದಾನಿನ ವಾಟ್ಸಾಪ್ ಗ್ರೂಪಿಗೂ ಬಂತು. ಎಲ್ಲರೂ ‘ಮಾಷಾ ಅಲ್ಲಾಹ್’ ಬರೆದರು. ನಾನೂ ಬರೆದೆ, ಅಷ್ಟಕ್ಕೇ ಬಿಡದೆ ಇನ್ನೂ ಮೂರು ಗ್ರೂಪಿಗೆ ಕಳಿಸಿದೆ. ಆಮೇಲೆ ಡ್ರೋಗ್ಬಾ ಅವರೇ ಸ್ಪಷ್ಟಪಡಿಸಿದರು: ತಾವು ಧರ್ಮ ಬದಲಿಸಿಲ್ಲ, ಹಳ್ಳಿಯೊಂದರಲ್ಲಿ ಮುಸ್ಲಿಂ ಸಹೋದರರನ್ನು ಭೇಟಿಯಾದಾಗ ಗೌರವದಿಂದ ಹಾಗೆ ನಿಂತಿದ್ದೆ ಎಂದು.

ಹೊಸ ಪಾಲುದಾರ ಸೇರುವಾಗ ಹಳಬರ ಗುಡ್‌ವಿಲ್‌ಗೆ ತನ್ನ ಪಾಲಿನ ಹಣ ತರಬೇಕು. ನಾವು ಏನನ್ನೂ ತರದೆ, ಅವರನ್ನು ಕೇಳದೆ, ಅವರ ಹೆಸರನ್ನು ನಮ್ಮ ಖಾತೆಗೆ ಹಾಕಿಕೊಂಡಿದ್ದೆವು. ಸುದ್ದಿ ತಂದವರನ್ನು ನಂಬುವ ಮೊದಲು ತಹ್ಕೀಕ್ ಮಾಡಬೇಕೆಂದು ಮದ್ರಸಾದಲ್ಲಿ ಕಲಿತದ್ದು ನನಗೆ ಆ ದಿನ ನೆನಪಾಗಲಿಲ್ಲ. ಖುಷಿಯ ಸುದ್ದಿಯಾದರೆ ಯಾರು ತಾನೇ ವಿಚಾರಿಸುತ್ತಾರೆ?

ಆ ಸ್ಪಷ್ಟನೆಯನ್ನು ನಾಲ್ಕೂ ಗ್ರೂಪಿಗೆ ಹಾಕಿದೆ. ಅದನ್ನು ಯಾರೂ ಮುಂದೆ ಕಳಿಸಲಿಲ್ಲ. ರಾತ್ರಿ ಖಾಲಾ ಒಬ್ಬರೇ ಉತ್ತರಿಸಿದರು: ‘ಆದರೇನು ಬೇಟಾ, ನಮ್ಮವರ ಜೊತೆ ಅದಬಿನಿಂದ ನಿಂತಿದ್ದರಲ್ಲ.’