ಏಳು ತಿಂಗಳ ಕೂಸು, ವಿಜಯಪುರದ ದಾರಿ

ನಮ್ಮ ಮನೆತನದಲ್ಲಿ ಕೂಸಿನ ಜಾವಳ ಮನೆದೇವರ ಗುಡಿಯಲ್ಲೇ ಆಗಬೇಕು, ಮೊದಲ ಕೂದಲು ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ಅಕ್ಕ ಮತ್ತು ಮಾಮಾ ತಮ್ಮ ಏಳು ತಿಂಗಳ ಮಗಳನ್ನು ಕಾರಿನಲ್ಲಿ ವಿಜಯಪುರಕ್ಕೆ ಕರೆದೊಯ್ಯಲು ನಿಶ್ಚಯಿಸಿದರು. ಬಾಣಂತನಕ್ಕೆಂದು ಬಂದು ಅಲ್ಲೇ ಉಳಿದಿದ್ದ ಅವ್ವ ಹಿಂದಿನ ಸೀಟಿನಲ್ಲಿ. ಕಾರು ಓಡಿಸುವ ಸರದಿ ಹಂಚಿಕೊಳ್ಳಲು, ತೊಡೆ ಕೊಡಲು ಸೋದರಮಾವನಾದ ನಾನು. ಐದುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಅದು.

ಎಳೆಗೂಸಿನೊಡನೆ ಇಷ್ಟು ದೂರಕ್ಕೆ ರೈಲೇ ಮೇಲು ಎಂದು ನಾನು ಈಗಲೂ ಹೇಳುತ್ತೇನೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿ ಮಲಗಿದಲ್ಲೇ ಕಳೆಯುತ್ತದೆ, ಕೂಸು ಅಂಗಾತ ಮಲಗುತ್ತದೆ, ತಾಯಿಗೆ ಬೇಕೆಂದಾಗ ಎದ್ದು ನಾಲ್ಕು ಹೆಜ್ಜೆ ಓಡಾಡಲು ಜಾಗವಿರುತ್ತದೆ. ಆದರೆ ಇಳಕಲ್ಲಿನಲ್ಲಿ ವಯಸ್ಸಾದ ಸೋದರತ್ತೆ ಮೊಮ್ಮಗಳ ಮುಖ ನೋಡಲು ಕಾದಿದ್ದರು, ಕೂಡಲಸಂಗಮಕ್ಕೂ ಹೋಗಬೇಕಿತ್ತು. ಇವೆರಡಕ್ಕೂ ಕಾರೇ ಅನುಕೂಲ.

ದಿನ ಗೊತ್ತುಮಾಡುವಾಗ ಯುಗಾದಿ ಆದ ಮೇಲೆ ಹೊರಡೋಣವೆಂಬ ಮಾತು ಬಂತು. ಅಕ್ಕ ಖಡಾಖಂಡಿತ ಬೇಡವೆಂದಳು. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರಬಲ್ಲದು, ಮಗುವಿನ ಮೈ ದೊಡ್ಡವರ ಮೈಗಿಂತ ಹಲವು ಪಟ್ಟು ಬೇಗ ಬಿಸಿಯಾಗುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಜನಜಂಗುಳಿ ಕರಗಿದ ಮೇಲೆ, ಜನವರಿಯ ಕೊನೆಗೆ ಹೊರಡುವುದೆಂದಾಯಿತು. ಇಡೀ ಪ್ರಯಾಣದಲ್ಲಿ ಇಷ್ಟು ಫಲ ಕೊಟ್ಟ ತೀರ್ಮಾನ ಇನ್ನೊಂದಿಲ್ಲ.

ಹೊರಡುವ ಮೊದಲು ಮನೆಯಲ್ಲಿ ನಡೆದ ದೊಡ್ಡ ಚರ್ಚೆ ಕೂಸಿನ ಕಾರ್ ಸೀಟಿನದು. ಅವ್ವನಿಗೆ ಅದನ್ನು ಕಂಡರೆ ಸಂಕಟ. “ಎದಿಗೆ ಅವಚಿಕೊಂಡ್ರ ಕೂಸು ನಿಶ್ಚಿಂತಿ ಇರ್ತದ. ಹಿಂಗ ಬಿಗಿದು ಕಟ್ಟಿದ್ರ ಹ್ಯಾಂಗ?” ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಐದು ಮಕ್ಕಳನ್ನು ಎದೆಗವಚಿಕೊಂಡೇ ಬಸ್ಸಿನಲ್ಲಿ, ಚಕ್ಕಡಿಯಲ್ಲಿ ಊರೂರು ತಿರುಗಿಸಿದ ಹೆಂಗಸು ಕೇಳಬೇಕಾದ ಪ್ರಶ್ನೆಯೇ ಅದು. ಮಾಮಾ ತಾಳ್ಮೆಯಿಂದ ಲೆಕ್ಕ ಹೇಳಿದರು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಎಲ್ಲಿಗೋ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಏಳು ಕೆ.ಜಿ. ತೂಕದ ಕೂಸನ್ನು ಆ ಕ್ಷಣದಲ್ಲಿ ಹಿಡಿದಿಡಲು ಸುಮಾರು ಒಂದು ಕ್ವಿಂಟಲ್ ಭಾರ ಎತ್ತುವಷ್ಟು ಬಲ ಬೇಕು. “ಅತ್ತಿ, ಕ್ವಿಂಟಲ್ ಜ್ವಾಳದ ಚೀಲ ಒಮ್ಮಿಗೇ ಎತ್ತತೀರೇನ್ರಿ?” ಜೋಳದ ಚೀಲದ ಭಾರ ಗೊತ್ತಿರುವ ಅವ್ವ ಮತ್ತೆ ಆ ಮಾತೆತ್ತಲಿಲ್ಲ.

ಕಾನೂನೂ ಅದನ್ನೇ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಸೀಟು ಇಲ್ಲದೆ ಕಾರಿನಲ್ಲಿ ಕರೆದೊಯ್ದರೆ 1000 ರೂಪಾಯಿ ದಂಡ. ದಂಡದ ಹೆದರಿಕೆಗೆ ಸೀಟು ಕೊಳ್ಳುವವರು ನಮ್ಮಲ್ಲಿ ಕಡಿಮೆ. ಆದರೆ ಒಂದು ವರ್ಷದೊಳಗಿನ ಕೂಸುಗಳು ಅಪಘಾತದಲ್ಲಿ ಸಾಯುವ ಸಂಭವವನ್ನು ಸರಿಯಾಗಿ ಬಿಗಿದ ಸೀಟು ಶೇ. 71ರಷ್ಟು ತಗ್ಗಿಸುತ್ತದೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದೆ. ಅದು ತಿಳಿದ ಮೇಲೂ ತೊಡೆಯ ಮೇಲೆ ಕೂರಿಸಿಕೊಳ್ಳಲು ನನ್ನ ಮನಸ್ಸಂತೂ ಒಪ್ಪುವುದಿಲ್ಲ.

ಎಳೆಗೂಸಿನ ಸೀಟು ಕಾರಿನ ಹಿಂಬದಿಗೆ ಮುಖ ಮಾಡಿರಬೇಕು. ಈ ವಯಸ್ಸಿನಲ್ಲಿ ತಲೆ ಭಾರ, ಕುತ್ತಿಗೆ ಎಳಸು. ಬ್ರೇಕ್ ಬಿದ್ದಾಗ ತಲೆ ಮುಂದಕ್ಕೆ ಜಗ್ಗದೆ ಬೆನ್ನು, ಕುತ್ತಿಗೆ, ತಲೆ ಮೂರೂ ಒಟ್ಟಾಗಿ ಸೀಟಿಗೆ ಒರಗುತ್ತವೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇದನ್ನು ಎಂದೂ ಇಡಬಾರದು. ಉಬ್ಬಿದ ಏರ್‌ಬ್ಯಾಗ್ ನೇರ ಕೂಸಿನ ತಲೆಯ ಹಿಂದೆಯೇ ಅಪ್ಪಳಿಸುತ್ತದೆ. ನಾವು ಹಿಂದಿನ ಎಡಬದಿಗೆ ಬಿಗಿದೆವು. ಎಡಕ್ಕೆ ಓಡಿಸುವ ನಮ್ಮ ದೇಶದಲ್ಲಿ ಆ ಬಾಗಿಲು ರಸ್ತೆಯಂಚಿಗೆ ತೆರೆಯುತ್ತದೆ, ಕೂಸನ್ನು ಎತ್ತುವಾಗ ಬೆನ್ನಹಿಂದೆ ಲಾರಿ ಹಾಯುವ ಭಯವಿಲ್ಲ.

ಇಲ್ಲಿ ಅವ್ವನ ಕುಂಚಿಗೆಯ ವಿಷಯ ಹೇಳಲೇಬೇಕು. ಗುಳೇದಗುಡ್ಡದ ಖಣದಲ್ಲಿ ಹೊಲಿದ, ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದ ಕುಂಚಿಗೆ. ಅದನ್ನು ಹಾಕದೆ ನಮ್ಮ ಕಡೆ ಕೂಸು ಹೊಸಿಲು ದಾಟುವುದಿಲ್ಲ. ಆದರೆ ದಪ್ಪ ಬಟ್ಟೆಯ ಮೇಲೆ ಬಿಗಿದ ಪಟ್ಟಿ ಬಿಗಿಯಾದಂತೆ ಕಾಣುತ್ತದಷ್ಟೇ. ಡಿಕ್ಕಿಯಾದಾಗ ಬಟ್ಟೆ ಅಮುಕಿ ಪಟ್ಟಿ ಸಡಿಲವಾಗುತ್ತದೆ, ಕೂಸು ನುಸುಳಿಹೋಗಬಹುದು. ಹೆಗಲ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿದರೆ ಮಡಿಕೆ ಸಿಗಬಾರದು. ಅಕ್ಕ ತೆಳು ಅಂಗಿಯ ಮೇಲೆ ಪಟ್ಟಿ ಬಿಗಿದು, ಅದರ ಮೇಲೆ ಎದೆಯ ಮಟ್ಟಕ್ಕೆ ಅವ್ವ ಹೊಲಿದ ಸಣ್ಣ ಕೌದಿ ಹೊದಿಸಿದಳು. ಕಾರಿನಿಂದ ಇಳಿದ ಕೂಡಲೇ ಕುಂಚಿಗೆ. ಎರಡು ತಲೆಮಾರಿನ ಕಾಳಜಿಗೂ ಜಾಗ ಸಿಕ್ಕಿತು, ಯಾರ ಮಾತೂ ಬಿದ್ದುಹೋಗಲಿಲ್ಲ.

ವೈದ್ಯರ ಭೇಟಿ ಬೇಗ ಮುಗಿಯಿತು. ಹದಿನಾಲ್ಕನೇ ವಾರದವರೆಗಿನ ಲಸಿಕೆಗಳು ಆಗಿದ್ದವು. ಜ್ವರದ ಪ್ಯಾರಾಸಿಟಮಾಲ್ ಬಗ್ಗೆ ಅವರು ಹೇಳಿದ್ದು ಎಲ್ಲ ತಂದೆತಾಯಿಗೂ ಗೊತ್ತಿರಬೇಕು. ಹನಿಗಳ ಶೀಶೆಯಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧಿಯಿರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 120 ಅಥವಾ 250. ದಾರಿಯಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಂಡು ಅದೇ ಅಳತೆಯಲ್ಲಿ ಕುಡಿಸಿದರೆ ಪ್ರಮಾಣ ಹಲವು ಪಟ್ಟು ಏರುಪೇರಾಗುತ್ತದೆ. ಹಾಗಾಗಿ ಮನೆಯ ಶೀಶೆ, ಅದರದೇ ಹನಿಕೊಳವೆ, ಕೂಸಿನ ತೂಕಕ್ಕೆ ತಕ್ಕ ಪ್ರಮಾಣ ಬರೆದ ಚೀಟಿ ಜೊತೆಗಿದ್ದವು. ನಿದ್ದೆ ಬರಿಸಲು ನೆಗಡಿಯ ಸಿರಪ್ ಹಾಕಿ ಎಂದು ಸಲಹೆ ಕೊಟ್ಟವರಿದ್ದರು. ಎಳೆಗೂಸಿಗೆ ಅದು ಅಪಾಯ. ವಾಂತಿಯ ಚಿಂತೆಯೂ ಬೇಡವಾಗಿತ್ತು, ಎರಡು ವರ್ಷದೊಳಗಿನ ಮಕ್ಕಳಿಗೆ ಕಾರಿನ ಓಟಕ್ಕೆ ವಾಂತಿಯಾಗುವುದು ಅಪರೂಪ.

ನಸುಕಿನಲ್ಲಿ ಹೊರಟೆವು. ನೆಲಮಂಗಲ ದಾಟುವಷ್ಟರಲ್ಲಿ ಕೂಸು ಎರಡನೇ ನಿದ್ದೆಯಲ್ಲಿತ್ತು. ದೊಡ್ಡವರಷ್ಟೇ ಆದರೆ ಈ ದಾರಿ ಎಂಟೊಂಬತ್ತು ತಾಸಿನದು. ಕೂಸಿದ್ದರೆ ಲೆಕ್ಕ ಬೇರೆ. ಒರಗಿದ ಸೀಟಿನಲ್ಲಿ ಬಹಳ ಹೊತ್ತು ಕೂತ ಕೂಸಿನ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗಬಹುದು. ಎರಡು ತಾಸಿಗೊಮ್ಮೆಯಾದರೂ ಹೊರತೆಗೆದು ಚಪ್ಪಟೆ ಜಾಗದಲ್ಲಿ ಮಲಗಿಸಬೇಕು. ಹಾಲು ಕುಡಿಸಿ, ತೇಗು ಬರಿಸಿ, ಡೈಪರ್ ಬದಲಿಸಿ, ಕೌದಿಯ ಮೇಲೆ ಕೈಕಾಲು ಬಡಿಯಲು ಬಿಟ್ಟರೆ ಮುಕ್ಕಾಲು ತಾಸು ಹಿಡಿಯುತ್ತದೆ. ಅಂಥ ನಾಲ್ಕು ನಿಲುಗಡೆ ಕೂಡಿದರೆ ಮೂರು ತಾಸು. ಒಂದೇ ದಿನಕ್ಕೆ ಮುಗಿಸಹೊರಟರೆ ಕೊನೆಯ ಹಂತ ಕತ್ತಲಲ್ಲಿ. ದೀಪವಿಲ್ಲದೆ ಹೆದ್ದಾರಿಯಂಚಿಗೆ ನಿಂತ ಲಾರಿಗಳ ನಡುವೆ ದಣಿದ ಚಾಲಕ, ಅಳುವ ಕೂಸು. ಅದಕ್ಕೇ ಹೊಸಪೇಟೆಯಲ್ಲಿ ರಾತ್ರಿ ತಂಗುವುದೆಂದು ಮೊದಲೇ ಕೋಣೆ ಹಿಡಿದಿದ್ದರು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅಲ್ಲಿ ಮೊದಲು ತಿಂದವಳು ಅಕ್ಕ, ಅದೂ ಹೊಟ್ಟೆತುಂಬ. ಇದನ್ನು ಸಣ್ಣ ಮಾತೆಂದು ತಿಳಿಯಬಾರದು. ಹಾಲೂಡುವ ತಾಯಿ ಶೌಚಾಲಯಕ್ಕೆ ಹೆದರಿ ನೀರು ಬಿಡುತ್ತಾಳೆ, ಎಲ್ಲರದೂ ಆದ ಮೇಲೆ ಉಳಿದದ್ದು ತಿನ್ನುತ್ತಾಳೆ, ಸಂಜೆಗೆ ತಲೆನೋವು. ಮಾಮಾ ಆಗಾಗ ನೀರಿನ ಬಾಟಲಿ ಹಿಂದಕ್ಕೆ ಚಾಚುತ್ತಲೇ ಇದ್ದರು.

ಶಿರಾ ದಾಟಿದ ಮೇಲೆ ಕೂಸು ಅಳತೊಡಗಿತು. ಗಿಲಕಿ ಆಡಿಸಿದರೂ, ಅವ್ವ ಲಾಲಿ ಹಾಡಿದರೂ ನಿಲ್ಲಲಿಲ್ಲ. ಓಡುವ ಕಾರಿನಲ್ಲೇ ಪಟ್ಟಿ ಬಿಚ್ಚಿ ಮೊಲೆಗೆ ಹಾಕಿಕೊಳ್ಳುವ ಆಸೆ ಪ್ರತಿ ತಾಯಿಗೂ ಬರುವುದು ಆಗಲೇ. ಅಕ್ಕ, ಮಾಮಾ ಒಂದು ಕಟ್ಟುಪಾಡು ಹಾಕಿಕೊಂಡಿದ್ದರು: ಮೊದಲು ಕಾರು ನಿಲ್ಲಬೇಕು, ಆಮೇಲೆ ಪಟ್ಟಿ ಬಿಚ್ಚಬೇಕು. ಮುಂದಿನ ಪೆಟ್ರೋಲ್ ಬಂಕ್ ಬರುವವರೆಗೆ ಅಳು ಕೇಳುತ್ತ ಕೂರುವುದು ಎಲ್ಲರಿಗೂ ಕಷ್ಟವಾಯಿತು. ಆದರೂ ಹೆದ್ದಾರಿಯಂಚಿಗೆ ನಿಲ್ಲಿಸಲಿಲ್ಲ. ಬಂಕಿನ ಹುಣಸೆಮರದ ನೆರಳಲ್ಲಿ ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ತೆರೆದ ಬಾಗಿಲಿಗೆ ಅಡ್ಡ ಹಿಡಿದಳು, ಅಕ್ಕ ಒಳಗೆ ನೆಮ್ಮದಿಯಿಂದ ಹಾಲೂಡಿದಳು. ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಂಕಿನಲ್ಲಿ ಉಚಿತವಾಗಿ ಸಿಗಬೇಕೆಂಬುದು ನಿಯಮ. ಹಾಲೂಡಲು ಒಂದು ಮರೆಯ ಕೋಣೆ ಮಾತ್ರ ನಾವು ನಿಂತ ಎಲ್ಲೂ ಇರಲಿಲ್ಲ. ಷಟ್ಪಥ ಹಾಕುವ ನಾಡಿನಲ್ಲಿ ನಾಲ್ಕು ಗೋಡೆ, ಒಂದು ಕುರ್ಚಿ, ಒಂದು ಚಿಲಕ ದುಬಾರಿಯಲ್ಲ. ತಾಯಂದಿರು ಇದನ್ನು ಕೇಳಿ ಪಡೆಯುವ ಕಾಲ ಬರಬೇಕು.

ಆರು ತಿಂಗಳು ತುಂಬಿದ್ದರಿಂದ ಹಾಲಿನ ಜೊತೆ ರಾಗಿ ಸರಿ, ಅನ್ನ-ಬೇಳೆಯ ಗಂಜಿ ಶುರುವಾಗಿತ್ತು. ಬೇಯಿಸಿದ ಸರಿಯನ್ನು ದಿನವಿಡೀ ಹೊತ್ತು ತಿರುಗುವುದು ಒಳ್ಳೆಯದಲ್ಲ. ಚಿತ್ರದುರ್ಗದಲ್ಲಿ ಊಟಕ್ಕೆ ನಿಂತಾಗ ಅಕ್ಕ ಏಲಕ್ಕಿ ಬಾಳೆಹಣ್ಣನ್ನು ಚಮಚದಲ್ಲಿ ಕೆರೆದು ತಿನ್ನಿಸಿದಳು. ಸಿಪ್ಪೆಯೊಳಗಿನ ಹಣ್ಣಿಗಿಂತ ಶುಚಿಯಾದ ಬುತ್ತಿ ದಾರಿಯಲ್ಲಿ ಸಿಗದು. ಅದನ್ನೂ ಓಡುವ ಕಾರಿನಲ್ಲಿ ಕೊಡಲಿಲ್ಲ. ಗಂಟಲಿಗೆ ಸಿಕ್ಕಿಕೊಂಡರೆ ಹಿಂಬದಿಗೆ ಮುಖ ಮಾಡಿದ ಕೂಸಿನ ಕಷ್ಟ ಮುಂದಿನವರಿಗೆ ಕಾಣುವುದೇ ಇಲ್ಲ.

ಚಿತ್ರದುರ್ಗದಿಂದ 50ನೇ ಹೆದ್ದಾರಿ ಉತ್ತರಕ್ಕೆ ತಿರುಗುತ್ತದೆ. ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಹಿಂದೆ ಬಿದ್ದವು, ಮಧ್ಯಾಹ್ನದ ಬಿಸಿಲು ಎಡಬದಿಗೆ, ನೇರ ಕೂಸಿನ ಕಡೆಗೆ ಬಿತ್ತು. ಸೀಟಿನ ಮೇಲೆಯೇ ಬಟ್ಟೆ ಹೊದಿಸಿದರೆ ಒಳಗಿನ ಗಾಳಿ ಕಾದು ನಿಲ್ಲುತ್ತದೆ. ಅದರಿಂದ ಕಿಟಕಿಯ ಗಾಜಿಗೆ ಜಾಲರಿ ಪರದೆ ಅಂಟಿಸಿದೆವು. ಬಕಲ್‌ನ ಲೋಹವನ್ನು ಪ್ರತಿ ಸಲ ಕೈಯಿಟ್ಟು ನೋಡುವುದು ಮಾಮಾ ಅವರ ರೂಢಿಯಾಯಿತು.

ಹೊಸಪೇಟೆಯ ಕೋಣೆಯಲ್ಲಿ ತೊಟ್ಟಿಲಿರಲಿಲ್ಲ. ಮೆತ್ತನೆಯ ಹಾಸಿಗೆಯಲ್ಲಿ, ದೊಡ್ಡವರ ನಡುವೆ, ದಿಂಬುಗಳ ಬದಿಗೆ ಕೂಸನ್ನು ಮಲಗಿಸುವ ಬದಲು ಅವ್ವ ನೆಲಕ್ಕೆ ಬಿಗಿಯಾಗಿ ಕೌದಿ ಹಾಸಿದಳು. ಮನೆಯಲ್ಲಿ ಹೊದೆಯುವ ಅದೇ ಹಚ್ಚಡ, ಅದೇ ಲಾಲಿ. ವಾಸನೆ, ದನಿ ಬದಲಾಗದಿದ್ದರೆ ಜಾಗ ಬದಲಾದದ್ದು ಕೂಸಿಗೆ ಅಷ್ಟಾಗಿ ತಟ್ಟುವುದಿಲ್ಲವೆಂಬುದು ಅವ್ವನ ನಂಬಿಕೆ, ಆ ರಾತ್ರಿ ಅದು ನಿಜವಾಯಿತು.

ಮರುದಿನದ ದಾರಿ ಸಲೀಸು. ಇಳಕಲ್ಲಿನ ಸೋದರತ್ತೆ ಜಂತಿಗೆ ಜೋಳಿಗೆ ಕಟ್ಟಿ ಕಾದಿದ್ದರು. ಕೂಡಲಸಂಗಮದಲ್ಲಿ ಕೃಷ್ಣೆ-ಮಲಪ್ರಭೆಯರ ಗಾಳಿಗೆ ಕುಂಚಿಗೆ ಕೆಲಸಕ್ಕೆ ಬಂತು. ಸಂಜೆ ಬೆಳಕಿರುವಾಗಲೇ ಆಲಮಟ್ಟಿ ಹಿಂದೆ ಹಾಕಿ ಊರು ಸೇರಿದೆವು.

ದಾರಿಗಿಂತ ಕೂಸು ದಣಿದದ್ದು ಊರು ಮುಟ್ಟಿದ ಮೇಲೆ. ಹತ್ತಾರು ಕೈಗಳು, ಹತ್ತಾರು ಮುತ್ತುಗಳು, ಚಳಿಗಾಲದ ಕೆಮ್ಮು-ನೆಗಡಿ. ಅಕ್ಕ ಪಡಸಾಲೆಯಲ್ಲಿ ಕೈತೊಳೆಯಲು ತಂಬಿಗೆ ನೀರು, ಸಾಬೂನು ಇಟ್ಟಳು. ಜಾವಳದ ದಿನ ಹಿರಿಯರೊಬ್ಬರು ಕೂಸಿನ ತುಟಿಗೆ ಜೇನು ಸವರಲು ಬಂದಾಗ ಮಾಮಾ ಕೈಮುಗಿದು ತಡೆದರು. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಜೇನಿನ ಕೆಲವು ಸೂಕ್ಷ್ಮಜೀವಿಗಳು ಮೊಳೆತು ಬಾಟ್ಯುಲಿಸಂ ಎಂಬ ನಂಜು ಉಂಟುಮಾಡಬಲ್ಲವು. ಹಿರಿಯರು ಬೇಸರಿಸದೆ ಹಣೆಗೆ ಭಂಡಾರ ಹಚ್ಚಿ ಹರಸಿದರು.

ದಸರೆಗೆ ಮತ್ತೆ ಊರಿಗೆ ಹೋಗುವ ಮಾತಿದೆ. ಅಷ್ಟರಲ್ಲಿ ಈ ಸೀಟು ಸಾಲದಾಗುತ್ತದೆ. ನೆತ್ತಿಗೂ ಸೀಟಿನ ಮೇಲಂಚಿಗೂ ಎರಡೂವರೆ ಸೆಂಟಿಮೀಟರ್ ಉಳಿಯದಿದ್ದರೆ ದೊಡ್ಡದು ಬೇಕು. ಯುರೋಪಿನ ಆರ್129 ಮಾನದಂಡ ಹದಿನೈದು ತಿಂಗಳವರೆಗೆ ಹಿಂಬದಿಗೇ ಮುಖವಿರಬೇಕೆನ್ನುತ್ತದೆ. ಆಮೇಲೂ ಹಾಗೇ ಕೂರಿಸುವುದೆಂದು ಅಕ್ಕನ ಹಟ. ಮಾಮಾ ಕಾರಿನ ಹಿಂದಿನ ಸೀಟಿನ ಅಳತೆ ತೆಗೆದುಕೊಂಡು ಅಂಗಡಿಗಳನ್ನು ಸುತ್ತುತ್ತಿದ್ದಾರೆ. ಅವ್ವ ಮಾತ್ರ ಒಂದೇ ಕೇಳಿದ್ದಾಳೆ: “ಆ ಸೀಟಿನ ಪಟ್ಟಿ ಬಿಗಿಯೂದು ನನಗೂ ಕಲಿಸ್ರಿ.”