ಮಾವು, ಗೋಡಂಬಿ ತೋಟದ ಕಳೆ: ಬೀಜ ಉದುರುವ ಮುನ್ನವೇ ಕೈಹಾಕಿ

ವರ್ಷಕ್ಕೆ ಎರಡು ಸಲ ಉಳುಮೆ, ನಡುವೆ ಒಮ್ಮೆ ಕಳೆನಾಶಕ. ಹಲವು ತೋಟಗಳಲ್ಲಿ ಇದೇ ರೂಢಿ. ಆದರೂ ಮರುವರ್ಷ ಕಳೆ ಅಷ್ಟೇ ದಟ್ಟವಾಗಿ ಏಳುತ್ತದೆ. ಮಣ್ಣಿನಲ್ಲಿ ಹುದುಗಿರುವ ಬೀಜವೇ ಇದಕ್ಕೆ ಕಾರಣ. ಉಳುಮೆ ಆಳದ ಬೀಜವನ್ನು ಮೇಲಕ್ಕೆ ತರುತ್ತದೆ, ಬರಿ ನೆಲದಲ್ಲಿ ಅದು ಮೊಳೆಯುತ್ತದೆ. ಹೊಸ ಬೀಜ ಬೀಳದಂತೆ, ನೆಲ ಬರಿದಾಗದಂತೆ ಕೆಲವು ವರ್ಷ ಬಿಡದೆ ನೋಡಿಕೊಂಡರೆ ಕಳೆಯ ಕಾಟ ವರ್ಷದಿಂದ ವರ್ಷಕ್ಕೆ ತಗ್ಗುತ್ತದೆ.

1. ಕಳೆ ಯಾವುದೆಂದು ಗುರುತಿಸಿ

ಪಾರ್ಥೇನಿಯಂ ಬೀಜದಿಂದ ಹರಡುತ್ತದೆ. ಹೂ ಬಿಡುವ ಮೊದಲು, ನೆಲ ಹಸಿಯಿರುವಾಗ ಬೇರುಸಹಿತ ಕೀಳಿ. ಚರ್ಮಕ್ಕೆ ಅಲರ್ಜಿ ತರುವುದರಿಂದ ಕೈಗವಸು ಬೇಕೇ ಬೇಕು. ಜೇಕು ಗಡ್ಡೆಯಿಂದ ಚಿಗುರುತ್ತದೆ, ಗರಿಕೆ ಬಳ್ಳಿಯ ತುಂಡಿನಿಂದಲೂ ಬೇರೂರುತ್ತದೆ. ಇವನ್ನು ಕತ್ತರಿಸಿದರೆ ಸಾಲದು. ಬೇಸಿಗೆಯಲ್ಲಿ ಮರದ ಬೇರಿಗೆ ಪೆಟ್ಟಾಗದಂತೆ ಸಾಲುಗಳ ನಡುವೆ ಅಗೆದು, ಗಡ್ಡೆಗಳನ್ನು ಬಿಸಿಲಿಗೆ ಒಣಗಿಸಿ ಆರಿಸಿ ತೆಗೆಯಿರಿ.

2. ಪಾತಿಗೆ ಹೊದಿಕೆ ಹಾಕಿ

ಮುಂಗಾರಿಗೆ ಮುನ್ನ ಪಾತಿಯ ಕಳೆ ತೆಗೆದು ತರಗೆಲೆ, ಒಣಹುಲ್ಲನ್ನು ನಾಲ್ಕು ಇಂಚು ದಪ್ಪ ಹರಡಿ. ಕಾಂಡದಿಂದ ಅರ್ಧ ಅಡಿ ಜಾಗ ಬಿಡಿ. ಒತ್ತಿ ಹಾಕಿದರೆ ತೊಗಟೆ ಕೊಳೆಯಬಹುದು, ಗೆದ್ದಲೂ ಹತ್ತೀತು. ಕಾಳು ಕಟ್ಟಿದ ಹುಲ್ಲನ್ನು ಮಾತ್ರ ಹೊದಿಕೆಗೆ ಬಳಸಬೇಡಿ. ಪೂರ್ತಿ ಕಳಿಯದ ಕೊಟ್ಟಿಗೆ ಗೊಬ್ಬರದಲ್ಲೂ ಕಳೆಬೀಜ ಇರುತ್ತದೆ.

3. ಸಾಲುಗಳ ನಡುವೆ ಬಿತ್ತಿ

ಎಳೆಯ ತೋಟದಲ್ಲಿ ಖಾಲಿ ಜಾಗವೇ ಹೆಚ್ಚು. ಮೊದಲ ಮಳೆಗೆ ಸೆಣಬು ಅಥವಾ ಅಲಸಂದೆ ಬಿತ್ತಿ, ಹೂ ಬರುವಾಗ ಕತ್ತರಿಸಿ ಪಾತಿಗೆ ಹಾಕಿ. ಹಿಂಗಾರಿಗೆ ಹುರುಳಿ ಬಿತ್ತಬಹುದು. ಮರಗಳು ಬೆಳೆದು ನೆರಳು ಕೂಡಿದ ಮೇಲೆ ಕಳೆ ತಾನಾಗಿ ಕಡಿಮೆಯಾಗುತ್ತದೆ.

4. ಉಳುವ ಬದಲು ಸವರಿ

ಉಳಿದ ಕಡೆ ಹುಲ್ಲನ್ನು ತೆನೆ ಬರುವ ಮುನ್ನ ಮೂರು ಇಂಚು ಬಿಟ್ಟು ಸವರಿ. ಬೇರು ಮಣ್ಣನ್ನು ಹಿಡಿದಿಡುತ್ತದೆ. ಬ್ರಷ್ ಕಟರ್ ಕಾಂಡಕ್ಕೆ ತಾಗದಿರಲಿ, ಬುಡದ ಸುತ್ತ ಕುಡುಗೋಲೇ ಸರಿ. ಗೋಡಂಬಿಯಲ್ಲಿ ಉದುರಿದ ಬೀಜ ಆರಿಸಬೇಕಾದ್ದರಿಂದ ಕೊಯ್ಲಿಗೆ ಮುನ್ನ ಇನ್ನೊಮ್ಮೆ ಬುಡ ಸ್ವಚ್ಛಗೊಳಿಸಿ.

5. ಕಳೆನಾಶಕ ಕೊನೆಯ ದಾರಿ

ಗ್ಲೈಫೋಸೇಟ್ ಹಸಿರು ಎಲೆಯ ಮೂಲಕ ಬೇರಿಗಿಳಿದು ಗಿಡವನ್ನು ಕೊಲ್ಲುತ್ತದೆ, ಮಣ್ಣಿನಲ್ಲಿರುವ ಬೀಜವನ್ನು ಮುಟ್ಟುವುದಿಲ್ಲ. ಇದನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಸಿಂಪಡಿಸಲೇಬೇಕೆಂದರೆ ಮೊದಲು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ.

ಆಳು ಸಿಗುವುದಿಲ್ಲವೆಂದು ಇಡೀ ತೋಟವನ್ನು ಕೈಬಿಡಬೇಡಿ. ಈ ವರ್ಷ ಎಳೆಯ ಗಿಡಗಳ ಪಾತಿಯಿಂದಲಾದರೂ ಕೆಲಸ ಶುರುಮಾಡಿ. ಕಳೆಯ ಪೈಪೋಟಿಗೆ ಹೆಚ್ಚು ಸೊರಗುವುದು ಅವೇ.